ಬುಡಾಪೆಸ್ಟ್ ರೈಲಿನ ಕಿಟಕಿ ಸೀಟು

ವಿಯೆನ್ನಾದಿಂದ ಹೊರಟ ರೈಲು ಬುಡಾಪೆಸ್ಟ್‌ನಲ್ಲಿ ನಿಂತಿತು. ಎಲ್ಲರೂ ಇಳಿದರು. ಖಾಲಿ ಬೋಗಿಯ ಕೊನೆಯಲ್ಲಿ, ಕಿಟಕಿ ಪಕ್ಕದ ಹುಡುಗಿ ಮಾತ್ರ ಏಳಲಿಲ್ಲ. ನಿದ್ದೆ ಹೋಗಿರಬೇಕೆಂದು ಗಾರ್ಡ್ ಭುಜ ಮುಟ್ಟಿದ— ಮೈ ತಣ್ಣಗಿತ್ತು.

ಅವಳು ನಿಕೋಲ್. ಮಸ್ಕತ್ತಿನ ಅಲ್ ಖೌದ್‌ನಲ್ಲಿದ್ದ ಸ್ಟ್ಯಾನಿ, ಆಲ್ಬಿನಾ ದಂಪತಿಯ ಒಬ್ಬಳೇ ಮಗಳು, ವಿಯೆನ್ನಾದಲ್ಲಿ ಓದುತ್ತಿದ್ದಳು. ಶನಿವಾರ ಬೆಳಿಗ್ಗೆ ಇದ್ದಕ್ಕಿದ್ದಂತೆ ಮನಸ್ಸಾಗಿ ಗಡಿಯಾಚೆಗೆ ಹೊರಟಿದ್ದಳು. ಬಾದಾಮಿಯ ಚೂರು ಬಾಯಿಗೆ ಬಿದ್ದರೂ ಗಂಟಲು ಊದಿಕೊಳ್ಳುವ ಅಲರ್ಜಿ ಅವಳಿಗೆ ಚಿಕ್ಕಂದಿನಿಂದ. ಸತ್ತದ್ದು ಅದರಿಂದಲೇ. ಹೊರಟ ಅವಸರದಲ್ಲಿ, ಅಲರ್ಜಿಯಾದರೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಅವಳ ರೂಮಿನಲ್ಲೇ ಉಳಿದಿತ್ತು. ಆದರೆ ಅಷ್ಟು ಜಾಗ್ರತೆಯ ಹುಡುಗಿಗೆ ಬಾದಾಮಿ ತಿನ್ನಿಸಿದವರು ಯಾರು?

"ಆ ಅವಿಲನೇ!" ಎನ್ನುತ್ತಿದ್ದ ಸ್ಟ್ಯಾನಿ. ಅವಿಲ್ ಅವಳ ಸಹಪಾಠಿ. ಹಿಂದಿನ ವಾರವಷ್ಟೇ ಇಬ್ಬರಿಗೂ ಜಗಳವಾಗಿತ್ತು.

ಆಲ್ಬಿನಾಳಿಗೆ ಯಾರ ಮೇಲೂ ಸಿಟ್ಟು ಬರುತ್ತಿರಲಿಲ್ಲ, ಅದಕ್ಕೂ ತ್ರಾಣವಿರಲಿಲ್ಲ. ಸಮಾಧಾನಕ್ಕೆ ಉಳಿದದ್ದು ಸ್ಪಂದನಾಳ ಮಾತೊಂದೇ— "ಹಲ್ವಾ ಬಾಯಿಗಿಟ್ಟ ಕೂಡಲೇ ಕಣ್ಣು ಮುಚ್ಚಿದಳು ಆಂಟಿ, ಒದ್ದಾಡಲೇ ಇಲ್ಲ." ಮಸ್ಕತ್ತಿನದೇ ಅಲ್ ಮವಾಲೇಹ್‌ನ ಸ್ಪಂದನಾ ನಿಕೋಲ್‌ಳ ಶಾಲಾ ಗೆಳತಿ, ವಿಯೆನ್ನಾದ ರೂಮ್‌ಮೇಟ್. ಶವದ ಜೊತೆ ಬಂದವಳು ಮತ್ತೆ ಹೋಗಿರಲಿಲ್ಲ. ದಿನವೂ ಬಂದು ಆಲ್ಬಿನಾಳಿಗೆ ನಾಲ್ಕು ತುತ್ತು ಉಣ್ಣಿಸುತ್ತಿದ್ದಳು.

ನಿಕೋಲ್ ಸತ್ತು ತಿಂಗಳಾದದ್ದಕ್ಕೆ ಚರ್ಚಿನಲ್ಲಿ ಬಲಿಪೂಜೆ ಮುಗಿದ ಸಂಜೆ ಮೇಲಿನ ಮನೆಯ ಉಜ್ವಲಾ ಬಂದಳು. ಗದಗಿನವಳು, ವಿಮಾ ಕಂಪನಿಯಲ್ಲಿ ಕ್ಲೇಮುಗಳ ತನಿಖೆ ಅವಳ ಕೆಲಸ. ಆಲ್ಬಿನಾ ಅವಳಿಗೆ ಎಲ್ಲವನ್ನೂ ಹೇಳಿದಳು, ಸ್ಪಂದನಾಳ ಸಮಾಧಾನದ ಮಾತನ್ನೂ.

ಉಜ್ವಲಾ ಸ್ಟ್ಯಾನಿಯ ಕಡೆ ತಿರುಗಿದಳು. "ಏನ್ ತಿಂದಿದ್ಲು ಅಂತ ಪೊಲೀಸರಿಗೆ ಗೊತ್ತಾಗೇತೇನ್ರಿ?"

"ಇಲ್ಲ. ಬಾದಾಮಿಯ ಅಂಶ ಇತ್ತು, ಅಷ್ಟೇ. ಸೀಟಿನ ಮುಂದಿನ ಟೇಬಲ್ ಮೇಲೆ, ಬ್ಯಾಗಲ್ಲಿ ಎಂತದೂ ಸಿಗಲಿಲ್ಲ."

"ಅವಿಲ್ ಅವತ್ತು ಎಲ್ಲಿದ್ದ?"

"ಕೆಫೆಯಲ್ಲಿ ಡ್ಯೂಟಿಯಂತೆ. ಓನರ್ ಕೂಡ ಹೌದು ಅಂತಾನೆ. ಎಲ್ಲ ಸುಳ್ಳು!"

ಅಷ್ಟರಲ್ಲಿ ಸ್ಪಂದನಾ ಚಹಾ ತಂದಳು.

"ನೀ ಎಲ್ಲಿದ್ದಿ ಯವ್ವಾ ಆವತ್ತ?" ಉಜ್ವಲಾ ಅವಳನ್ನು ಕೇಳಿದಳು.

"ರೂಮಲ್ಲೇ, ಆಂಟಿ. ತಲೆನೋವಿತ್ತು. ಅವಳೊಬ್ಬಳೇ ಹೋದಳು."

"ಹೆಂಗ ಸತ್ಲು ಅಂತ ನಿನಗ್ಯಾರು ಹೇಳಿದ್ರು?"

"ಪೊಲೀಸರು."

"ಹಲ್ವಾ ಅಂತ ಅವರೇ ಹೇಳಿದ್ರೇನು?"

ಸ್ಪಂದನಾ ಚಹಾದ ತಟ್ಟೆಯನ್ನು ಕೆಳಗಿಟ್ಟು ಬಾಗಿಲ ಕಡೆ ತಿರುಗಿದಳು.

"ಆಲ್ಬಿನಾ ಅಕ್ಕಾ," ಉಜ್ವಲಾಳ ದನಿ ತಗ್ಗಿತು, "ನಿಮಗದು ಸಮಾಧಾನದ ಮಾತಾಗಿತ್ತು. ಅದಕ್ಕ ಯಾರೂ ತೂಗಿ ನೋಡಲಿಲ್ಲ. ತಿಂದದ್ದು ಏನು ಅಂತ ಪೊಲೀಸರಿಗೇ ಗೊತ್ತಿಲ್ಲ. ಹಲ್ವಾ ಅಂತ ಗೊತ್ತಿರೂದು ಒಬ್ಬರಿಗೇ— ಅದನ್ನ ತಿನ್ನಿಸಿ ಡಬ್ಬಿ ತಗೊಂಡು ರೈಲಿಳಿದವರಿಗೆ. ಅಕೀ ಜೋಡಿ ಇದ್ದಾಕಿ ಈ ಹುಡುಗೀನ, ಅಕ್ಕಾ."

ಸ್ಪಂದನಾ ಆಲ್ಬಿನಾಳ ಕಾಲ ಬಳಿ ಬಂದು ಕೂತಳು.

"ಅಮ್ಮ ಕಳಿಸಿದ ಹಲ್ವಾ... ಬಾದಾಮಿ ಎಲ್ಲಾ ಆರಿಸಿ ತೆಗೆದೇ ಕೊಟ್ಟೆ ಆಂಟಿ. ಏನೂ ಆಗಲ್ಲ, ಒಂದು ಚೂರು ತಿನ್ನು ಅಂದೆ. ಮುಖ ಊದ್ಕೊಂಡ್ತು. ಬೋಗಿಯಲ್ಲಿ ನಾವಿಬ್ಬರೇ ಇದ್ವಿ. ಗಡಿ ಸ್ಟೇಷನ್ ಬಂತು. ಯಾರನ್ನಾದ್ರೂ ಕರೆಯೋಣ ಅಂತ ಇಳಿದೆ. ಇಳಿದ ಮೇಲೆ— ಪೊಲೀಸ್, ವೀಸಾ, ಎಲ್ಲಾ ತಲೆಗೆ ಬಂತು. ಡಬ್ಬಿ ಕೈಯಲ್ಲೇ ಇತ್ತು. ಅವಳು ಗಾಜು ಬಡೀತಾ ಇದ್ದಳು... ಬಾಗಿಲು ಮುಚ್ಕೊಂಡ್ತು, ಆಂಟಿ. ರೈಲು ಹೋಯ್ತು."

ಸ್ಟ್ಯಾನಿ ಗೋಡೆಗೆ ಮುಖ ಮಾಡಿ ನಿಂತ. ಅಲ್ಲಿನ ಪೊಲೀಸರಿಗೆ ತಿಳಿಸಲೇಬೇಕು ಎಂದು ಉಜ್ವಲಾ ಹೇಳುತ್ತಿದ್ದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಆಲ್ಬಿನಾ ಹುಡುಗಿಯ ಗದ್ದ ಹಿಡಿದು ಮುಖವನ್ನು ಮೇಲೆತ್ತಿದಳು. ಬೈಯಲಿಲ್ಲ, ಹೊಡೆಯಲಿಲ್ಲ.

"ಒಂದು ಹೇಳು ಮಗಳೇ. ಆ ಸ್ಟೇಷನ್‌ನಲ್ಲಿ ರೈಲು ಎಷ್ಟು ಹೊತ್ತು ನಿಂತಿತ್ತು?"

ಸ್ಪಂದನಾ ಕಣ್ಣು ಮುಚ್ಚಿಕೊಂಡಳು.

"ತುಂಬಾ ಹೊತ್ತು, ಆಂಟಿ."