ಗುಹೆಯ ದಾರಿಯ ಏಳು ಪಟ್ಟಿಗಳು

ಸೋಮವಾರ ಬೆಳಿಗ್ಗೆ 9.20ಕ್ಕೆ ಠಾಣೆಗೆ ಬಂದವನು ಒಬ್ಬ ದರ್ಜಿ. ಅವನ ತಂಗಿ ಔಷಧ ಕಂಪನಿಯೊಂದರಲ್ಲಿ ರಿಸೆಪ್ಷನಿಸ್ಟ್. ಹಿಂದಿನ ದಿನ ಆ ಕಚೇರಿಯ ಹನ್ನೊಂದು ಮಂದಿ ಕಾಡುಗುಡ್ಡ ಹತ್ತಿ, ಗುಹೆಯೊಳಗಿನ ಕೊಳದಲ್ಲಿ ಈಜಲು ಹೊರಟಿದ್ದರು. ಆರು ಜನ ಮಾರ್ಗದರ್ಶಿಯ ಜೊತೆ ಮುಂದೆ ಹೋದರು. ಹಿಂದೆ ಉಳಿದ ಐವರು ದಾರಿ ತಪ್ಪಿದರು. ತಂಗಿ ಇಳಿಜಾರಿನಲ್ಲಿ ಜಾರಿ ಬಿದ್ದಳು; ತಲೆಗೆ ಪೆಟ್ಟು, ಇನ್ನೂ ಎಚ್ಚರವಿಲ್ಲ. ಗುರುತಿಗೆಂದು ಮಾರ್ಗದರ್ಶಿ ಮರಗಳಿಗೆ ಕಟ್ಟಿದ್ದ ಕೆಂಪು ಬಟ್ಟೆಯ ಪಟ್ಟಿಗಳನ್ನು ಯಾರೋ ಬಿಚ್ಚಿದ್ದಾರೆಂದು ಅಣ್ಣನ ದೂರು. 9.50ಕ್ಕೆ ಎಫ್‌ಐಆರ್ ಆಯಿತು.

ಸ್ಥಳ ಪಂಚನಾಮೆಗೆ ಇನ್‌ಸ್ಪೆಕ್ಟರ್ ಮೂರೂವರೆ ಗಂಟೆ ಗುಡ್ಡ ಹತ್ತಿದಳು. ಮೊಣಕಾಲು ಪದ ಹೇಳುತ್ತಿತ್ತು. ಇಷ್ಟು ಒದ್ದಾಡಿ ನೀರಿಗಿಳಿಯುವ ಬದಲು ಮನೆಯಲ್ಲೇ ಬಕೆಟ್ ಇತ್ತಲ್ಲ ಎಂದು ಹೆಡ್ ಕಾನ್ಸ್‌ಟೇಬಲ್ ಗೊಣಗಿದ. ಅವಳಿಗೆ ನಗಲೂ ಉಸಿರಿರಲಿಲ್ಲ. ಹನ್ನೆರಡು ಪಟ್ಟಿಗಳಲ್ಲಿ ದಾರಿ ಕವಲೊಡೆಯುವಲ್ಲಿನ ಏಳು ಇರಲಿಲ್ಲ. ತೊಗಟೆಗೆ ಒಂದೆಳೆ ದಾರವೂ ಅಂಟಿರಲಿಲ್ಲ. ಅವಸರದಲ್ಲಿ ಹರಿದದ್ದಲ್ಲ, ಸಮಾಧಾನದಿಂದ ಬಿಚ್ಚಿದ್ದು. ಹಿಂದಿನವರು ಬರುವ ಮೊದಲೇ ಬಿಚ್ಚಿದ್ದರಿಂದ, ಮುಂದೆ ಹೋದ ಆರರಲ್ಲಿ ಒಬ್ಬರ ಕೆಲಸ.

ಮಂಗಳವಾರ ಕಚೇರಿಯಲ್ಲಿ ವಿಚಾರಣೆ. ಯಾರೂ ಏನೂ ಕಂಡಿರಲಿಲ್ಲ. ಯಾಕೆ ಹೋದಿರಿ ಎಂದರೆ ಎಲ್ಲರದೂ ಒಂದೇ ರಾಗ: ನನಗೆ ಇಷ್ಟವಿರಲಿಲ್ಲ, ಎಲ್ಲರೂ ಹೊರಟರು, ನಾನೂ ಹೊರಟೆ. ನಾಲ್ಕನೆಯವನ ಹೊತ್ತಿಗೆ ಅವಳ ತಾಳ್ಮೆ ಮುಗಿಯಿತು.

"ಆ ಎಲ್ಲರು ಎಲ್ಲಿದ್ದಾರ್ರೀ? ಮೊದಲು ಅವರನ್ನ ಕರೀರಿ."

ಆ ಆರು ಮಂದಿಯಿಂದ ವಶಪಡಿಸಿಕೊಂಡ ಚೀಲಗಳಲ್ಲಿದ್ದ ವಸ್ತುಗಳ ಯಾದಿಯನ್ನು ಅವಳು ಮತ್ತೆ ಓದಿದಳು. ಐದರಲ್ಲಿ ಟವೆಲ್ಲು, ಬದಲಿ ಬಟ್ಟೆ. ಉಗ್ರಾಣದ ಗುಮಾಸ್ತನ ಚೀಲದಲ್ಲಿ ಬರೀ ನೀರಿನ ಬಾಟಲಿ. ಈಜಲು ಹೊರಟವನಿಗೆ ಮೈ ಒದ್ದೆಯಾಗುವುದಿಲ್ಲವೆಂಬ ಖಾತ್ರಿ ಹೇಗೆ ಬಂತು?

ಪಂಚರ ಮುಂದೆ ಅವನ ಮೇಜಿನ ಖಾನೆ ತೆಗೆಸಿದಳು. ಏಳು ಪಟ್ಟಿಗಳು, ಒಂದೇ ಅಳತೆಗೆ ಸುತ್ತಿಟ್ಟಂಥವು. ಮೇಲೊಂದು ಚೀಟಿ: ಕೆಂಪು ಬಟ್ಟೆ ಪಟ್ಟಿ, 7.

"ಎಸೆಯೋಕೇನಾಗಿತ್ತು?"

"ಬೇರೆಯವರ ವಸ್ತು ಮೇಡಂ. ವಾಪಸ್ ಕೊಡಬೇಕಲ್ಲ."

ಅವನಿಗೆ ಈಜು ಬಾರದು. ಕಚೇರಿಯ ಫಾರಂನಲ್ಲಿ ಬರುತ್ತದೆಂದು ಬರೆದಿದ್ದ. ಹಿಂದಿನವರು ಕವಲಿನಲ್ಲೇ ನಿಲ್ಲುತ್ತಾರೆ, ಮಾರ್ಗದರ್ಶಿ ಕರೆತರಲು ವಾಪಸಾಗುತ್ತಾನೆ, ಈಜುವ ಹೊತ್ತು ಮುಗಿಯುತ್ತದೆ; ಅವನ ಲೆಕ್ಕಾಚಾರ ಅಷ್ಟೆ.

"ಈಜು ಬರಲ್ಲ ಅಂತ ಹೇಳೋಕೆ ಏನ್ರೀ ಧಾಡಿ?"

ಅವನು ಬೆರಳು ನೋಡಿಕೊಂಡ. "ನಗ್ತಾರೆ ಮೇಡಂ."

ಸಂಜೆ 4.15ಕ್ಕೆ ದಸ್ತಗಿರಿ. 4.40ಕ್ಕೆ ಆಸ್ಪತ್ರೆಯಿಂದ ದರ್ಜಿಯ ಫೋನು: ತಂಗಿಗೆ ಎಚ್ಚರವಾಗಿದೆ. ಎಲ್ಲರೂ ಈಜಿದರಾ ಎಂದು ಮೊದಲು ಕೇಳಿದಳಂತೆ. ಇಲ್ಲವೆಂದದ್ದಕ್ಕೆ ನಿಟ್ಟುಸಿರು ಬಿಟ್ಟು, ತನಗೆ ಈಜು ಬಾರದೆಂದೂ, ಬೇಕೆಂದೇ ಎಲ್ಲರಿಗಿಂತ ಹಿಂದೆ ಉಳಿದಿದ್ದೆನೆಂದೂ ಹೇಳಿದಳಂತೆ.

ಲಾಕಪ್ಪಿನ ಸರಳು ಹಿಡಿದು ಗುಮಾಸ್ತ ಕೇಳಿದ, "ಅವಳು ಹೇಗಿದ್ದಾಳೆ ಮೇಡಂ?"

"ಎಚ್ಚರ ಆಗಿದೆ," ಎಂದಳು ಇನ್‌ಸ್ಪೆಕ್ಟರ್. ಉಳಿದದ್ದನ್ನು ಹೇಳಲು ಅವಳಿಗೆ ಬಾಯಿ ಬರಲಿಲ್ಲ.