ಸದ್ದಿಲ್ಲದೆ ಇಳಿದ ಗಾಡಿ

ಬೇಕರಿಯಾತನ ಹೆಣ ಇಳಿಜಾರಿನ ಓಣಿಯ ನಡುವೆ ಅಂಗಾತ ಬಿದ್ದಿತ್ತು. ಬೆಳಕು ಹರಿಯುವ ಮುಂಚೆ ಒಲೆ ಹಚ್ಚಲು ಏಪ್ರನ್ ಕಟ್ಟಿಕೊಂಡೇ ಮನೆಯಿಂದ ಹೊರಟಿದ್ದ. ಯಾವುದೋ ಗಾಡಿ ಗುದ್ದಿತ್ತು. ಮೊದಲು ನೋಡಿ ಕೂಗಿಕೊಂಡವರು ಆತನ ಅಣ್ಣ, ನಿವೃತ್ತ ಬಸ್ ಡ್ರೈವರ್.

ಇನ್‌ಸ್ಪೆಕ್ಟರ್ ಮೇಡಂ ಮತ್ತು ಅವರ ಹೆಡ್ ಕಾನ್‌ಸ್ಟೇಬಲ್ ಆದ ನಾನು ಹೋಗುವಷ್ಟರಲ್ಲಿ ಓಣಿಯವರು ತೀರ್ಪು ಕೊಟ್ಟಾಗಿತ್ತು. ಕೊಂದದ್ದು ಬೇಕರಿಯಾತನ ಮಗಳ ಎಲೆಕ್ಟ್ರಿಕ್ ಕಾರು.

ಇಬ್ಬರು ಒತ್ತಿಕೊಂಡು ಕೂರುವಷ್ಟು ಪುಟ್ಟ ಕಾರು. ಅಂಥದ್ದೇ ಕೊಳ್ಳೋಣವೆಂದು ನನ್ನ ಹೆಂಡತಿ ಬಹಳ ದಿನದಿಂದ ತಲೆ ತಿನ್ನುತ್ತಿದ್ದಳು. ಊರೊಳಗಿನ ಓಡಾಟಕ್ಕೆ ಅಷ್ಟು ಸಾಕು, ಮಲಗುವಾಗ ಫೋನಿನ ಹಾಗೆ ಚಾರ್ಜಿಗೆ ಹಾಕಿದರಾಯಿತು ಅನ್ನುವುದು ಅವಳ ವಾದ. ಅವಳ ಬಾಯಿ ಮುಚ್ಚಿಸಲು ಒಳ್ಳೇ ಕಾರಣ ಸಿಕ್ಕಿತು ಅನಿಸಿತು. ಹೆಣದ ಮುಂದೆ ನಿಂತು ಹಾಗೆ ಯೋಚಿಸಿದ್ದಕ್ಕೆ ನನಗೇ ಅಸಹ್ಯವಾಯಿತು.

“ದಬ್ ಅಂತ ಸದ್ದಾಯ್ತು ಮೇಡಂ,” ಹೆಣ ಬಿದ್ದ ಜಾಗದ ಪಕ್ಕದ ಮನೆಯ ಟೈಲರಮ್ಮ ಹೇಳಿದರು. “ಎಂಜಿನ್ ಸದ್ದು ಮಾತ್ರ ಇರ್ಲಿಲ್ಲ. ಆ ಹುಡುಗಿ ಗಾಡಿ ಬಿಟ್ರೆ ಇಲ್ಲಿ ಸದ್ದಿಲ್ದೆ ಬರೋದು ಇನ್ಯಾವುದಿದೆ?”

“ಆಮೇಲೆ?”

“ಬೆಕ್ಕು ಏನೋ ಬೀಳಿಸ್ತು ಅಂದ್ಕೊಂಡು ಹೊಲೀತಾ ಕೂತೆ. ಒಂದು ತೋಳು ಮುಗಿಸೋ ಹೊತ್ತಿಗೆ ಡ್ರೈವರಣ್ಣನ ಡೀಸೆಲ್ ಕಾರಿನ ಸದ್ದು. ಹಿಂದೇನೇ ಅವರು ಕೂಗ್ಕೊಂಡ್ರು.”

“ದೂರದಿಂದ ಬಂತಾ ಸದ್ದು?”

“ಇಲ್ಲ, ಇಲ್ಲೇ ಕಿಟಕಿ ಹತ್ರ. ಕೆರ್ ಕೆರ್ ಅಂತ ಕೆಮ್ತು.”

ಮೇಡಂ ತಲೆಯಾಡಿಸಿ ಡ್ರೈವರ್ ಕಡೆ ತಿರುಗಿದರು. ಅವರು ತಮ್ಮನ ಮಗಳ ತಲೆ ಸವರುತ್ತ ಕೂತಿದ್ದರು.

“ಆ ಆಟದ ಸಾಮಾನು ಬೇಡ ಅಂತ ಬಡ್ಕೊಂಡೆ ಮೇಡಂ. ಗಾಡಿ ಅಂದ್ರೆ ಬರೋದು ಕಿವಿಗೆ ಬೀಳ್ಬೇಕು. ಮಗು ಬೇಕು ಅಂತ ಮಾಡಿಲ್ಲ.”

“ನೀವೇನು ನೋಡಿದ್ರಿ?”

“ಮೇಲಿಂದ ಬರ್ತಿದ್ದೆ. ಲೈಟಿನಲ್ಲಿ ಬಿಳಿ ಏಪ್ರನ್ ಕಾಣಿಸ್ತು. ಕಾರು ಅಲ್ಲಿ ಮೇಲೆ ನಿಂತಿದೆಯಲ್ಲ, ಅಲ್ಲೇ ನಿಲ್ಲಿಸಿ ಓಡ್ಬಂದೆ. ಅಷ್ಟರಲ್ಲಿ ತಮ್ಮ ಹೋಗ್ಬಿಟ್ಟಿದ್ದ.”

ಮಗಳು ಆಸ್ಪತ್ರೆಯ ಲ್ಯಾಬಿನವಳು. ಮುಂಜಾನೆಯ ಪಾಳಿಗೆ ಇದೇ ಓಣಿಯಲ್ಲಿ ಇಳಿದು ಹೋಗಿದ್ದಳು. ಸುದ್ದಿ ತಿಳಿದು ವಾಪಸು ಬಂದಿದ್ದಳು.

“ನಾನೇ ಮೇಡಂ. ಚಕ್ರಕ್ಕೆ ಏನೋ ತಾಗಿದ ಹಾಗಾಯ್ತು. ಹಂಪ್ ಇರ್ಬೇಕು ಅಂತ ಇಳಿದು ನೋಡ್ಲಿಲ್ಲ. ಬರ್ಕೊಳ್ಳಿ, ಅಪ್ಪನ್ನ ನಾನೇ ಕೊಂದದ್ದು.”

ಅವಳ ಕಾರಿನ ಬಂಪರಿನಲ್ಲಿ ಗೀರೂ ಇತ್ತು. ದೊಡ್ಡಪ್ಪನ ಹಳೆಯ ಕಾರಿಗೆ ನಗ್ಗಿರದ ಜಾಗವೇ ಇರಲಿಲ್ಲ, ಹೊಸ ನಗ್ಗು ಯಾವುದೆಂದು ಹೇಳುವುದು ಹೇಗೆ? ಬರೆದುಕೊಳ್ಳಲು ನನಗೆ ಕೈ ಬರಲಿಲ್ಲ.

ಮೇಡಂ ಹೆಣದ ಪಕ್ಕ ಮಂಡಿಯೂರಿದರು.

“ಏಪ್ರನ್ ಮೇಲೆ ಇದೇನ್ರೀ?”

“ಬೇಕರಿಯವರ ಏಪ್ರನ್ ಮೇಲೆ ಎಣ್ಣೆ ಇರದೆ ಇನ್ನೇನಿರುತ್ತೆ ಮೇಡಂ?”

“ಮೂಸಿ ನೋಡಿ.”

ಮೂಸಿದೆ. ಕರಿದ ಎಣ್ಣೆಯಲ್ಲ. ಕಪ್ಪಗೆ ಜಿಡ್ಡು, ಗ್ಯಾರೇಜಿನ ವಾಸನೆ. ಮೇಡಂ ಎದ್ದು, ಓಣಿಯ ಮೇಲ್ಗಡೆ ನಿಂತಿದ್ದ ಡೀಸೆಲ್ ಕಾರಿನ ಬಳಿ ಹೋಗಿ ಬಗ್ಗಿ ನೋಡಿದರು. ಅದರ ಹೊಟ್ಟೆಯಿಂದ ಕರಿ ತೊಟ್ಟೊಂದು ನಿಧಾನವಾಗಿ ನೆಲಕ್ಕೆ ಬಿತ್ತು.

“ಡ್ರೈವರಣ್ಣ, ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ಗೆ ಬಿಡ್ತೀರಾ?”

“ಹಳೇ ಡ್ರೈವರ್‌ಗಳೆಲ್ಲ ಬಿಡ್ತಾರೆ. ಡೀಸೆಲ್ ಉಳಿಯುತ್ತೆ—”

“ಎಂಜಿನ್ ಆಫ್ ಆದ್ರೆ ನಿಮ್ಮದೂ ಸದ್ದಿಲ್ಲದ ಗಾಡೀನೇ. ಬ್ರೇಕ್ ಬೇರೆ ಕಲ್ಲಾಗುತ್ತೆ, ತುಳಿದ್ರೂ ಹಿಡಿಯಲ್ಲ. ಗುದ್ದಿದ್ದು ನೀವು. ಎಲೆಕ್ಟ್ರಿಕ್ ಕಾರಿಗೆ ಎಂಜಿನ್ನೇ ಇಲ್ಲ, ಎಂಜಿನ್ ಆಯಿಲ್ ಎಲ್ಲಿಂದ ಸೋರುತ್ತೆ? ಓಡೋ ಗಾಡಿ ಒಂದೇ ಕಡೆ ಇಷ್ಟು ತೊಟ್ಟಿಕ್ಕೋದೂ ಇಲ್ಲ. ನಿಮ್ಮ ಕಾರು ಇವರ ಮೇಲೆ ನಿಂತಿತ್ತು, ಒಂದು ತೋಳು ಹೊಲಿಯೋವಷ್ಟು ಹೊತ್ತು. ಟೈಲರಮ್ಮ ಕೇಳಿದ್ದು ಕಾರು ಬಂದ ಸದ್ದಲ್ಲ, ಸ್ಟಾರ್ಟ್ ಮಾಡಿದ ಸದ್ದು. ಹಿಂದಕ್ಕೆ ತಗೊಂಡು ಆಮೇಲೆ ಕೂಗಿದ್ರಿ. ಅಷ್ಟು ಹೊತ್ತು ಏನು ಮಾಡ್ತಿದ್ರಿ?”

“ಕೂತಿದ್ದೆ. ಕಣ್ಣು ಮಂಜಾಗಿದೆ, ಓಡಿಸ್ಬೇಡಿ ಅಂದಿದ್ರು ಡಾಕ್ಟ್ರು. ಕೈಕಾಲೇ ಆಡ್ಲಿಲ್ಲ. ಆಮೇಲೆ ಎಲ್ಲರೂ ಇವಳ ಗಾಡಿ ಅಂದ್ರು. ಚಿಕ್ಕವಳು, ಬಿಟ್ಬಿಡ್ತಾರೆ ಅಂದ್ಕೊಂಡೆ.”

ಮಗಳು ತಲೆಯ ಮೇಲಿದ್ದ ಆ ಕೈಯನ್ನು ಎತ್ತಿ ಪಕ್ಕಕ್ಕಿಟ್ಟಳು.

“ದೊಡ್ಡಪ್ಪ, ಅಪ್ಪಂಗೆ ಆಗ ಜೀವ ಇತ್ತಾ?”

ಅವರು ನೆಲ ನೋಡಿದರು. “ಇತ್ತು.”

“ಏನಾದ್ರೂ ಅಂದ್ರಾ?”

“‘ಮಗಳನ್ನ ಕರಿ. ಈ ಓಣಿಗೆ ಅವಳ ಪುಟ್ಟ ಗಾಡೀನೇ ಸರಿ, ಆಸ್ಪತ್ರೆಗೆ ಬೇಗ ಹೋಗ್ಬಹುದು’ ಅಂದ.”

ಕೆಳಗೆ ಓಣಿಯ ಬಾಯಲ್ಲಿ ಅವಳ ಕಾರು ನಿಂತಿತ್ತು. ಅಲ್ಲಿಂದ ಆಸ್ಪತ್ರೆಯ ಬಾಗಿಲು ಕಾಣುತ್ತಿತ್ತು.