ಕರೆಂಟ್ ಹೋದಾಗ ಆಡಿದ ಮಾತು

ಶೇವಂತಿ ಕಾಕು ಅವರ ಫೋನಿನಿಂದ ನನ್ನದೇ ದನಿ ಬಂದಾಗ ನನ್ನ ಬಾಯಲ್ಲಿ ಅರ್ಧ ಶೇಂಗಾ ಹೋಳಿಗೆ ಇತ್ತು.

"ಈ ಸುಭಾಷಗ ದಾರ್ಯಾಗಿನ ಕಲ್ಲೆಲ್ಲಾ ಕಾಣ್ತಾವ, ಬಾಜೂಕ ಕುಂತಾಕಿ ಮಾತ್ರ ಕಾಣಂಗಿಲ್ಲ. ಮದವಿ ಅಂತ ಆದ್ರ ಇವನ್ನ ಆಗಾಕಿ ನಾ."

ಭೂಮಿ ಬಾಯಿಬಿಟ್ಟಿದ್ದರೆ ಹೋಳಿಗೆ ಸಮೇತ ಒಳಗೆ ಹೋಗುತ್ತಿದ್ದೆ. ಕಾಕು ಫೋನನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಎದುರಿಗೆ ಲ್ಯಾಪ್‌ಟಾಪ್ ಹಿಡಿದು ಕುಳಿತಿದ್ದ ಅವರ ಮಗ ಸುಭಾಷ್ ಗರ ಬಡಿದವನಂತಿದ್ದ.

"ಇದೂ ಗೇಮಿನಾಗ ಐತೇನವಾ?" ಎಂದರು ಕಾಕು.

ನಾನು ಮೃಣ್ಮಯಿ, ಜಮಖಂಡಿಯವಳು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಎರಡರಲ್ಲೂ ಬಾಯಿ ಜೋರು. ಆ ಬಾಯಿಯನ್ನು ನಂಬಿಯೇ ಸುಭಾಷ್ ಮೂರು ತಿಂಗಳಿಂದ ನನ್ನನ್ನು ಬನಹಟ್ಟಿಗೆ ಕರೆಸುತ್ತಿದ್ದ. ಇಪ್ಪತ್ತೈದು ವರ್ಷ ಹಳೆಯ, ಕಂಪ್ಯೂಟರಿನ ಕಾರ್ ರ‍್ಯಾಲಿ ಗೇಮೊಂದನ್ನು ಮೊಬೈಲಿಗೆ ತರುವ ಕೆಲಸ ಅವನದು. ರ‍್ಯಾಲಿಯಲ್ಲಿ ಡ್ರೈವರ್ ಪಕ್ಕ ಒಬ್ಬರು ಕುಳಿತು ಮುಂದಿನ ತಿರುವು ಹೇಳುತ್ತಾರೆ. ಮೊಬೈಲಿನಲ್ಲಂತೂ ಹೆಬ್ಬೆರಳೇ ಅರ್ಧ ರಸ್ತೆ ಮುಚ್ಚುವುದರಿಂದ ಆ ದನಿಯೇ ಕಣ್ಣು. "ಎಡಕ್ಕ ತಿರುವು, ಮುಂದ ಉಬ್ಬು, ಹಗೂರ" ಎನ್ನುವವಳು ನಾನು.

ಅವರ ಮನೆಯಲ್ಲಿ ನಾಲ್ಕು ಪವರ್‌ಲೂಮ್, ಓಣಿಯಲ್ಲಿ ಎಷ್ಟೋ. ಹಾಗಾಗಿ ಕರೆಂಟ್ ಹೋಗಿ ಖಟಪಟ ನಿಂತಾಗ ಮಾತ್ರ ನಮ್ಮ ರೆಕಾರ್ಡಿಂಗ್, ಸೀರೆ ಗಂಟುಗಳ ನಡುವೆ. ಊರೆಲ್ಲ ಕರೆಂಟಿಗೆ ಕಾಯುತ್ತಿದ್ದರೆ ನಾನೊಬ್ಬಳು ಅದು ಹೋಗಲಿ ಎಂದು ಬೇಡುತ್ತಿದ್ದೆ.

ನಾನು ಓದುವಾಗ ಅವನು ನನ್ನ ತುಟಿಯನ್ನೇ ನೋಡುತ್ತಿದ್ದ. ನನಗೋ ಕೆನ್ನೆ ಬಿಸಿಯಾಗುತ್ತಿತ್ತು. ಅವನು ಮಾತ್ರ, "ಅರ್ಧ ಸೆಕೆಂಡ್ ತಡಾ ಆತ್ರೀ," ಎನ್ನುತ್ತಿದ್ದ.

ಹೋದ ವಾರ ಅವನು ನೀರು ತರಲು ಎದ್ದು ಹೋದಾಗ, ಸಿಟ್ಟು ತಡೆಯದೆ ಆ ಮಾತನ್ನು ಸೀರೆ ಗಂಟುಗಳ ಮುಂದೆ ಆಡಿಬಿಟ್ಟಿದ್ದೆ. ಪುಣ್ಯಾತ್ಮ ರೆಕಾರ್ಡಿಂಗ್ ನಿಲ್ಲಿಸಿಯೇ ಇರಲಿಲ್ಲ. ರೆಕಾರ್ಡಿಂಗನ್ನು ಕತ್ತರಿಸಿ ಗೇಮಿಗೆ ಜೋಡಿಸುವ ಪ್ರೋಗ್ರಾಮು ಕೊನೆಯ ತುಣುಕನ್ನು, ಗೆದ್ದವರಿಗೆ ಹೇಳುವ ಮಾತೆಂದು ಗುರಿಯ ಜಾಗಕ್ಕೆ ಸೇರಿಸಿತ್ತು. ಕೊನೆಯ ರಸ್ತೆ ಎಷ್ಟು ಕಠಿಣವೆಂದರೆ ಸುಭಾಷನೇ ಗುರಿ ಮುಟ್ಟಿರಲಿಲ್ಲ. ಮೂವತ್ತು ವರ್ಷ ಮಗ್ಗದಲ್ಲಿ ಎಳೆ ಹಿಡಿದ ಕಾಕು ಅವರ ಬೆರಳು ಮುಟ್ಟಿತು.

ಇನ್ನೂ ಎಷ್ಟು ಜನರ ಬಳಿ ಈ ಗೇಮ್ ಇದೆ ಎಂದು ಹೇಗೋ ಕೇಳಿದೆ. ಪರೀಕ್ಷೆಗೆಂದು ನಲವತ್ತು ಮಂದಿಗೆ ಕಳಿಸಿದ್ದನಂತೆ. ಲ್ಯಾಪ್‌ಟಾಪಿನಲ್ಲಿ ನೋಡಿ, ಬೇರೆ ಯಾರೂ ಗುರಿ ಮುಟ್ಟಿಲ್ಲ ಎಂದ. ತಕ್ಷಣ ಎಲ್ಲರಿಂದಲೂ ಗೇಮ್ ವಾಪಸ್ ತೆಗೆದ.

ಅಷ್ಟೇ. ಮತ್ತೆ ಲ್ಯಾಪ್‌ಟಾಪಿನಲ್ಲಿ ಮುಳುಗಿದ.

ನಾಚಿಕೆ ಹೋಗಿ ನನಗೆ ಅಳು ಬಂತು. ರೆಕಾರ್ಡಿಂಗ್ ಮುಗಿದಿತ್ತು, ಹೋಳಿಗೆಯೂ ಅದಕ್ಕೇ. ನಾಳೆಯಿಂದ ಬನಹಟ್ಟಿಗೆ ಬರಲು ನನಗೆ ಯಾವ ನೆಪವೂ ಇರಲಿಲ್ಲ. ನನ್ನ ಮಾತನ್ನು ಒರೆಸಿದನೇ ಹೊರತು ಉತ್ತರ ಕೊಡಲಿಲ್ಲ. ಬ್ಯಾಗ್ ಎತ್ತಿಕೊಂಡು ಹೊರಗೆ ಬಂದು ಚಪ್ಪಲಿ ಮೆಟ್ಟಿದೆ.

ಅಷ್ಟರಲ್ಲಿ, ಬೆಳಗಿನಿಂದ ಇಲ್ಲದ ಕರೆಂಟ್ ಬಂತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಖಟಪಟ ಶುರು ಮಾಡಿದವು. ಸುಭಾಷ್ ಹೊಸ್ತಿಲಿಗೆ ಓಡಿಬಂದು ಏನೋ ಹೇಳಿದ. ಈಗ ಅವನ ತುಟಿ ನೋಡುವ ಸರದಿ ನನ್ನದು.

"ಏನ್ರೀ? ಕೇಳವಲ್ದು," ಎಂದೆ.

ಮತ್ತೆ ಹೇಳಿದ. ಕೇಳಲಿಲ್ಲವೆಂದು ನಾನು ತಲೆಯಾಡಿಸಿದೆ. ಅವನು ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡು ಕೂಗಲು ಬಾಯಿ ತೆರೆದ. ಅದೇ ಕ್ಷಣಕ್ಕೆ ಕರೆಂಟ್ ಹೋಯಿತು.

"ನನಗೂ ನೀವ ಬೇಕ್ರೀ, ಮೃಣ್ಮಯಿ!"

ಇಡೀ ಓಣಿಗೆ ಕೇಳಿಸಿತು. ಎದುರು ಮನೆಯ ಕಾಶಪ್ಪ ಮಗ್ಗ ಬಿಟ್ಟು ಕಿಟಕಿಗೆ ಬಂದ. ಒಳಗಿನಿಂದ ಕಾಕು ನಕ್ಕಿದ್ದು ಕೇಳಿಸಿತು. ಸುಭಾಷ್ ತೆರೆದ ಬಾಯಿ ಮುಚ್ಚದೆ, ಮೊದಲ ಸಲ ನನ್ನ ತುಟಿ ಬಿಟ್ಟು ಕಣ್ಣು ನೋಡುತ್ತಿದ್ದ.

"ಮೂರು ತಿಂಗಳು ತಡಾ ಆತ್ರೀ," ಎಂದು ಚಪ್ಪಲಿ ಬಿಟ್ಟು ಒಳಗೆ ಬಂದೆ.